ಅಂಗಳಕ್ಕೆ ಹೊಡೆದ ನೀರು

ನನ್ನ ಹೆಂಡತಿ ಒಮ್ಮೆ, ನಾನು ಎದುರಿಗೇ ಕೂತಿದ್ದಾಗ, ತನ್ನ ತಂಗಿಗೆ ಹೇಳಿದಳು: "ಇವ್ರು ಗುಡಿಯೊಳಗ ತೀರ್ಥ ಕೊಟ್ರೂ ಮೊದಲ ಮೂಸಿ ನೋಡ್ತಾರ, ಆಮ್ಯಾಲೆ ಕುಡೀತಾರ." ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಏಕೆಂದರೆ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಹಾವೇರಿಯಲ್ಲಿ ಮನೆ ಮಾಡಿಕೊಂಡು, ಧೂಳು ಮತ್ತು ಮಳೆನೀರಿನ ಪರವಾನಿಗೆ ನೋಡುವ ಒಂದು ಸಣ್ಣ ಕಚೇರಿಯಲ್ಲಿ ಓವರ್‌ಸಿಯರ್ ಆಗಿದ್ದೆ. ಯಾರಾದರೂ ಗಿರಣಿ ಹಾಕಲಿ, ಕಲ್ಲು ಒಡೆಯುವ ಕ್ರಷರ್ ಹಾಕಲಿ, ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರದವರು ಹೊಸ ಗೋದಾಮಿಗೆ ಪಾಯ ತೋಡಲಿ, ಅಲ್ಲಿಂದ ಏಳುವ ಧೂಳು ನೆರೆಮನೆಗೆ ಹೋಗದಂತೆ, ಮಳೆ ಬಂದಾಗ ಅಂಗಳದ ರಾಡಿ ಊರ ಗಟಾರಕ್ಕೆ ಇಳಿಯದಂತೆ ಏನು ಮಾಡಿದ್ದಾರೆ ಎಂದು ನೋಡಬೇಕು. ನೋಡಿ ಷರತ್ತು ಬರೆಯಬೇಕು. ಷರತ್ತಿಗೆ ಒಪ್ಪಿದರೆ ಪರವಾನಿಗೆ, ಒಪ್ಪದಿದ್ದರೆ ಬೀಗ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ದೊಡ್ಡ ಸಹಿ ಬೇಕಾದರೆ ಕಾಗದ ಧಾರವಾಡಕ್ಕೆ ಹೋಗಿ, ಅಲ್ಲಿ ತನಗೆ ಬೇಕಾದಷ್ಟು ದಿನ ವಿಶ್ರಾಂತಿ ತೆಗೆದುಕೊಂಡು ಬರುತ್ತಿತ್ತು.

ಈ ಕೆಲಸದಲ್ಲಿ ಮನುಷ್ಯ ಸಂಶಯದ ಪ್ರಾಣಿಯಾಗದೆ ಬೇರೆ ದಾರಿಯಿಲ್ಲ. ಐರಣಿ ರಸ್ತೆಯ ಕಡೆ ಒಬ್ಬ ಕ್ರಷರ್ ಮಾಲೀಕನಿದ್ದ. ಜಲ್ಲಿಯ ಗುಡ್ಡೆಗಳಿಗೆ ದಿನವೂ ನೀರು ಹೊಡೆಯಬೇಕೆಂದು ನಾನು ಷರತ್ತು ಬರೆದಿದ್ದೆ. ಹೋದಾಗಲೆಲ್ಲ ಗುಡ್ಡೆಗಳು ಸ್ನಾನ ಮಾಡಿದಂತೆ ಒದ್ದೆಯಾಗಿ ಹೊಳೆಯುತ್ತಿದ್ದವು. ನಾನು ಎರಡು ಸಲ ಶಭಾಷ್ ಎಂದು ಬರೆದೂ ಬಂದೆ. ಮೂರನೆಯ ಸಲ ಏನನ್ನಿಸಿತೋ, ಗುಡ್ಡೆಗೆ ಕೈ ಹಾಕಿ ನಾಲ್ಕು ಕಲ್ಲು ಸರಿಸಿದೆ. ಕೆಳಗಿನ ಕಲ್ಲುಗಳ ಮೇಲೆ ತಿಂಗಳ ಧೂಳು ಬೆಳ್ಳಗೆ ಕೂತಿತ್ತು. ವಿಚಾರಿಸಿದರೆ, ನಾನು ಬಸ್ಸಿನಿಂದ ಇಳಿಯುವುದನ್ನು ನೋಡಿ ಸೈಕಲ್ ತುಳಿದುಕೊಂಡು ಹೋಗಿ ಸುದ್ದಿ ಮುಟ್ಟಿಸಲೆಂದೇ ಅವನು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನನ್ನು ಇಟ್ಟಿದ್ದ. ಅವತ್ತಿನಿಂದ ನಾನು ಯಾರ ಮಾತನ್ನೂ ನಂಬುವುದನ್ನು ಬಿಟ್ಟೆ. ಕಣ್ಣಿಗೆ ಕಂಡದ್ದನ್ನೂ ಅರ್ಧವೇ ನಂಬುತ್ತಿದ್ದೆ.

ಅಂಥ ದಿನಗಳಲ್ಲಿ ಬ್ಯಾಡಗಿಯಿಂದ ಒಂದು ತಕರಾರು ಅರ್ಜಿ ಬಂತು. ಬರೆದವರು ನಿವೃತ್ತ ಮಾಸ್ತರರು. ಅವರ ಮನೆಯ ಗೋಡೆಗೆ ಹತ್ತಿ ಒಂದು ಖಾರಪುಡಿ ಗಿರಣಿ ಇತ್ತು. ಸುಗ್ಗಿಯ ನಾಲ್ಕು ತಿಂಗಳು ಅಲ್ಲಿಂದ ಖಾರದ ಧೂಳು ಹಾರಿ ಮನೆಮಂದಿಗೆಲ್ಲ ಕೆಮ್ಮು, ಸೀನು. ಮುಂಗಾರಿನ ಮೊದಲ ಮಳೆಗೆ ಗಿರಣಿಯ ಅಂಗಳದ ನೀರು ಕೆಂಪಗಾಗಿ ಹರಿದು ತಮ್ಮ ಬಾಗಿಲ ಮುಂದೆ ನಿಲ್ಲುತ್ತದೆ, ತುಳಿದವರ ಕಾಲು ಉರಿಯುತ್ತದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಅರ್ಜಿ ಓದಿದೊಡನೆ ನನಗೆ ಮಾಸ್ತರರ ಮೇಲೆಯೇ ಸಂಶಯ ಬಂತು. ಎಂಟು ವರ್ಷದಿಂದ ಇರುವ ಗಿರಣಿಯ ಮೇಲೆ ಈಗ ಏಕೆ ತಕರಾರು? ಪಕ್ಕದ ಜಾಗದ ಮೇಲೆ ಕಣ್ಣಿರಬಹುದೇ? ಹೀಗೆ ಯೋಚಿಸುತ್ತಲೇ ಬ್ಯಾಡಗಿಯ ಬಸ್ ಹತ್ತಿದೆ.

ಗಿರಣಿ ನಡೆಸುತ್ತಿದ್ದವಳು ಒಬ್ಬ ವಿಧವೆ. ವಯಸ್ಸು ನಲವತ್ತರ ಆಚೆ ಈಚೆ. ಗಂಡ ತೀರಿಕೊಂಡ ಮೇಲೆ ಮೈದುನರು ಗಿರಣಿ ಮಾರೋಣ ಎಂದಾಗ, ಮಾರುವುದಿಲ್ಲ ಎಂದು ಒಬ್ಬಳೇ ನಿಂತು ನಡೆಸಿಕೊಂಡು ಬಂದವಳು. ಹದಿನಾಲ್ಕು ಹೆಂಗಸರು ತಲೆಗೂ ಮೂಗಿಗೂ ಸೀರೆಯ ಸೆರಗು ಸುತ್ತಿಕೊಂಡು ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹಿಂದಿನ ತಗಡಿನ ಶೆಡ್ಡಿನಲ್ಲಿ ಯಂತ್ರ ಗರಗರ ಎನ್ನುತ್ತಿತ್ತು. ಒಳಗೆ ಹೆಜ್ಜೆ ಇಟ್ಟವನು ಏಳು ಸಲ ಸೀನಿದೆ. ಎಂಟನೆಯ ಸೀನಿನ ಹೊತ್ತಿಗೆ ಮಾಸ್ತರರ ಅರ್ಜಿಯಲ್ಲಿ ಸುಳ್ಳಿಲ್ಲ ಎಂಬುದು ಖಾತ್ರಿಯಾಯಿತು.

"ಅಕ್ಕಾರ, ನಿಮ್ಮ ಧೂಳು ಗೋಡೆ ಹಾರಿ ಹೋಗ್ತೈತಿ. ಮಳಿ ಬಂದ್ರ ನೀರೂ ಹೋಗ್ತೈತಿ. ಹಿಂಗಾದ್ರ ಗಿರಣಿ ನಡಸಾಕ ಬರೂದಿಲ್ಲ," ಎಂದೆ.

"ಏನು ಮಾಡಬೇಕು ಹೇಳ್ರಿ ಸಾಹೇಬ್ರ, ಮಾಡ್ತೇನಿ. ಗಿರಣಿ ಒಂದ ಮುಚ್ಚು ಅನಬ್ಯಾಡ್ರಿ. ಇದ ನನಗ ಗಂಡ, ಇದ ನನಗ ಮಗ," ಎಂದಳು.

ಇಷ್ಟು ಸಲೀಸಾಗಿ ಒಪ್ಪುವವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಸಂಶಯ. ಜಗಳ ಆಡುವವನು ನಾಲ್ಕು ದಿನ ಜಗಳ ಆಡಿ ಕಡೆಗೆ ಹೇಳಿದಂತೆ ಮಾಡುತ್ತಾನೆ. ತಲೆ ಆಡಿಸುವವನು ನಾವು ಬೆನ್ನು ತಿರುಗಿಸಿದ ಕೂಡಲೇ ಮರೆಯುತ್ತಾನೆ. ಹೀಗೆಂದುಕೊಂಡು ಅಲ್ಲೇ ಚೀಲದ ಮೇಲೆ ಕೂತು ಷರತ್ತು ಬರೆದೆ. ಶೆಡ್ಡಿನ ಕಿಟಕಿಗಳಿಗೆ ದಪ್ಪ ಬಟ್ಟೆಯ ಪರದೆ. ಅಂಗಳದ ಇಳಿಜಾರಿನ ಮೂಲೆಯಲ್ಲಿ ಆಳೆತ್ತರದ ಹೊಂಡ ತೆಗೆದು ಮಳೆನೀರು ಅಲ್ಲಿಗೇ ಇಳಿಯುವಂತೆ ಕಾಲುವೆ. ಮೂರನೆಯದು, ದಿನಕ್ಕೆ ಎರಡು ಹೊತ್ತು ಅಂಗಳದ ನೆಲಕ್ಕೆ ನೀರು ಹೊಡೆಯುವುದು.

ಮೊದಲ ಎರಡಕ್ಕೆ ಅವಳು ಹ್ಞೂಂ ಎಂದಳು. ಮೂರನೆಯದನ್ನು ಓದಿ ಹೇಳಿದಾಗ ಮುಖ ಬದಲಾಯಿತು.

"ನೀರು ಬ್ಯಾಡ್ರಿ ಸಾಹೇಬ್ರ. ಬೇಕಾದ್ರ ದಿನಾ ಸಗಣಿ ಹಾಕಿ ನೆಲಾ ಸಾರಸ್ತೇನಿ."

"ಸಗಣಿ ಒಣಗಿದ ಮ್ಯಾಲೆ ಅದೂ ಧೂಳ. ನೀರ ಬೇಕು."

"ಹಂಗಾದ್ರ ಬೆಳಕು ಹರಿಯೂ ಹೊತ್ತಿನ್ಯಾಗ, ಕಾಯಿ ಹೊರಗ ಹಾಕೂದಕ್ಕಿಂತ ಮೊದಲ, ಗೇಟು ಹಾಕ್ಕೊಂಡು ಹೊಡೀತೇನಿ."

ಗೇಟು ಹಾಕಿಕೊಂಡು! ನನ್ನ ಕಣ್ಣ ಮುಂದೆ ಆ ಕ್ರಷರ್ ಮಾಲೀಕ ಬಂದು ನಿಂತ. ಗೇಟು ಹಾಕಿಕೊಂಡು ನೀರು ಹೊಡೆದರೋ ನಿದ್ದೆ ಹೊಡೆದರೋ ಯಾರು ಕಂಡರು? ನಾನು ಪೆನ್ನು ತೆಗೆದು ಇನ್ನಷ್ಟು ಬಿಗಿ ಮಾಡಿದೆ. ನೀರು ಹೊಡೆಯುವುದು ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ನಾಲ್ಕಕ್ಕೆ. ಆ ಹೊತ್ತಿನಲ್ಲಿ ಗೇಟು ಪೂರ್ತಿ ತೆರೆದಿರಬೇಕು. ನೀರಿನ ಪೀಪಾಯಿ ಗೇಟಿನ ಹತ್ತಿರ, ರಸ್ತೆಯಿಂದ ಕಾಣುವಂತೆ ಇರಬೇಕು. ಹತ್ತು ಮತ್ತು ನಾಲ್ಕು ಏಕೆಂದರೆ ಆ ಹೊತ್ತಿಗೆ ಹಾವೇರಿಯ ಬಸ್ಸು ಬ್ಯಾಡಗಿಗೆ ಬರುತ್ತಿತ್ತು. ಇಳಿದವನು ನೆಟ್ಟಗೆ ಹೋಗಿ ನೋಡಬಹುದು.

ಅವಳು ಕೆಲಸದ ಹೆಂಗಸರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು: "ಸಾಹೇಬ್ರ, ನೀವು ಹಾವೇರಿಯವ್ರು, ನಿಮಗ ಗೊತ್ತಿಲ್ಲ ಅಂತಲ್ಲ. ಬ್ಯಾಡಗ್ಯಾಗ ಮೆಣಸಿನಕಾಯಿ ಬಾಜೂಕ ನೀರಿನ ಕೊಡ ಕಂಡ್ರ ಮಂದಿ ಏನು ತಿಳೀತಾರ?"

ನನಗೆ ಗೊತ್ತಿತ್ತು. ಬ್ಯಾಡಗಿಯ ಪೇಟೆಯಲ್ಲಿ ಕೂಸಿಗೂ ಗೊತ್ತು. ಒಣ ಮೆಣಸಿನಕಾಯಿ ಚೀಲಕ್ಕೆ ತುಂಬುವಾಗ ಮುರಿಯದಿರಲೆಂದು ಸ್ವಲ್ಪ ನೀರು ಚಿಮುಕಿಸುವುದುಂಟು. ಆ ಸ್ವಲ್ಪವೇ ಕೆಲವರ ಕೈಯಲ್ಲಿ ಹೆಚ್ಚಾಗಿ, ತೂಕಕ್ಕೆ ಮೆಣಸಿನಕಾಯಿಯ ಬದಲು ನೀರೇ ಕೂಡುತ್ತದೆ. ಹಾಗೆ ನೀರು ಕುಡಿದ ಕಾಯಿಯನ್ನು ಬೀಸಿದರೆ ಖಾರ ಗಂಟು ಕಟ್ಟುತ್ತದೆ, ಮಳೆಗಾಲಕ್ಕೆ ಬೂಸು ಹಿಡಿಯುತ್ತದೆ. ಈ ಹೆಂಗಸಿನ ಹೆಸರೆಲ್ಲ ನಿಂತಿದ್ದೇ ಅವಳ ಖಾರ ವರ್ಷ ಕಳೆದರೂ ಬೂಸು ಹಿಡಿಯುವುದಿಲ್ಲ ಎಂಬ ಮಾತಿನ ಮೇಲೆ. ಇವನ್ನೆಲ್ಲ ತಿಳಿದೂ ನಾನು ಹೇಳಿದ್ದು ಇಷ್ಟೆ: "ಮಂದಿ ಏನರ ತಿಳೀಲಿ. ನೆಲಕ್ಕ ಹೊಡೀರಿ, ಕಾಯಿಗೆ ಹೊಡೀಬ್ಯಾಡ್ರಿ. ಸಹಿ ಮಾಡ್ತೀರೋ ಇಲ್ಲೋ?"

ಅವಳ ಮಾತು ನೆಪ ಎಂದೇ ನನ್ನ ಎಣಿಕೆಯಾಗಿತ್ತು. ಇಷ್ಟು ಚೆಂದದ ನೆಪ ನಾನು ಅದುವರೆಗೆ ಕೇಳಿರಲಿಲ್ಲ, ಅಷ್ಟೆ. ಅವಳು ಸಹಿ ಮಾಡಿದಳು.

ಸಂಕ್ರಾಂತಿ ಮುಗಿದು ಪೇಟೆಗೆ ಕಾಯಿ ರಾಶಿಗಟ್ಟಲೆ ಬರತೊಡಗಿತು. ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊಗಳೆಲ್ಲ ಗಿರಣಿಯ ಮುಂದಿನ ರಸ್ತೆಯಲ್ಲೇ ಸಾಲುಗಟ್ಟಿ ಹೋಗುತ್ತಿದ್ದವು. ನಾನು ಹೇಳದೆ ಕೇಳದೆ ಮೂರು ಸಲ ಹೋದೆ. ಒಮ್ಮೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಹೋದೆ, ಯಾರಾದರೂ ಸುದ್ದಿ ಮುಟ್ಟಿಸಿಯಾರು ಎಂದು. ಮೂರೂ ಸಲ ಗೇಟು ಹಾರು ಹೊಡೆದಿತ್ತು, ಪೀಪಾಯಿ ತುಂಬಿತ್ತು, ಅವಳೇ ಸೀರೆ ಎತ್ತಿ ಕಟ್ಟಿ ತಂಬಿಗೆಯಿಂದ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ನಾನು ಬಗ್ಗಿ ಮಣ್ಣು ಕೆದಕಿ ನೋಡಿದೆ. ಬೆರಳುದ್ದ ಒಳಗೂ ಹಸಿ ಇತ್ತು. ಪಕ್ಕದ ಮಾಸ್ತರರು ಗೋಡೆಯ ಮೇಲಿನಿಂದ ಇಣುಕಿ, "ಈ ವರ್ಷ ಕೆಮ್ಮಿಲ್ರಿ," ಎಂದರು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಒಂದು ಬಗೆಯ ಅಸಮಾಧಾನ. ತಪ್ಪು ಸಿಗಲಿಲ್ಲವಲ್ಲ ಎಂದು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶಿವರಾತ್ರಿ ಕಳೆದು ನಾಲ್ಕೈದು ದಿನಕ್ಕೆ ಅವಳು ಹಾವೇರಿಯ ನಮ್ಮ ಕಚೇರಿಗೇ ಬಂದಳು. ಬಗಲಲ್ಲಿ ಒಂದು ಗಂಟಿತ್ತು. ನನ್ನ ಮೇಜಿನ ಮೇಲೆ ಬಿಚ್ಚಿದಳು. ಬರಿದಾದ ಬಟ್ಟೆಯ ಚೀಲಗಳು. ತೊಳೆದು, ಒಣಗಿಸಿ, ನೀಟಾಗಿ ಮಡಚಿದ್ದವು.

"ರಾಣೆಬೆನ್ನೂರ ಸಾವಕಾರ್ರು ಕಳಿಸ್ಯಾರ್ರಿ," ಎಂದಳು.

ಆ ಸಾವಕಾರರೆಂದರೆ ಅವಳ ಖಾರವನ್ನೆಲ್ಲ ಕೊಳ್ಳುತ್ತಿದ್ದ ವ್ಯಾಪಾರಿ. ಖಾನಾವಳಿಗಳಿಗೂ ಕಿರಾಣಿ ಅಂಗಡಿಗಳಿಗೂ ಅವರೇ ಹಂಚುವವರು. ಅವರ ಮನೆತನದ ಒಂದು ರೀತಿ ಇತ್ತಂತೆ. ಖಾರ ಬಂದ ಚೀಲಗಳನ್ನು ಖಾಲಿ ಮಾಡಿ, ಖಾರ ಅಂಟಿದಂತೆಯೇ ವಾಪಸು ಕಳಿಸಿದರೆ ಮತ್ತೆ ತುಂಬಿ ಕಳಿಸಿರಿ ಎಂದು. ತೊಳೆದು ಮಡಚಿ ಕಳಿಸಿದರೆ ಇನ್ನು ನಮ್ಮ ನಿಮ್ಮ ವ್ಯವಹಾರ ಮುಗಿಯಿತು ಎಂದು. ಬಾಯಿಬಿಟ್ಟು ಒಂದು ಮಾತಿಲ್ಲ, ಬೈಗುಳವಿಲ್ಲ, ಕಾರಣ ಹೇಳುವುದೂ ಇಲ್ಲ.

"ಪ್ಯಾಟಿಗೆ ಬಂದಾಗ ಜೀಪಿನ್ಯಾಗ ನಮ್ಮ ಗೇಟಿನ ಮುಂದ ಹಾದು ಹೋಗ್ಯಾರ್ರಿ. ನಾ ತಂಬಿಗಿ ಹಿಡಕೊಂಡು ನಿಂತಿದ್ದೆ, ಬಾಜೂಕ ಕಾಯಿ ರಾಶಿ. ನಾ ನಮಸ್ಕಾರ ಮಾಡಿದೆ. ಅವ್ರು ಮಾಡ್ಲಿಲ್ಲ. ಎಂಟು ದಿನಕ್ಕ ಚೀಲ ಬಂದ್ವು."

"ಹೋಗಿ ಹೇಳಬೇಕಿತ್ತು, ನೆಲಕ್ಕ ಹೊಡಿಯಾಕತ್ತಿದ್ದೆ ಅಂತ."

"ಹೋಗಿದ್ದೆ ಸಾಹೇಬ್ರ. ಚಾ ಕೊಟ್ರು, ಆರಾಮ ಅದೀರೇನು ಅಂದ್ರು. ನಾ ಮಾತು ತಗದ್ರ, ಇರ್ಲಿ ಬಿಡ್ರಿ ಅಂತಾರ. ಕಳ್ಳಿಗೆ ಬೈದ್ರ ಕಳ್ಳಿ ತಿರುಗಿ ಮಾತಾಡಬಹುದು. ಮರ್ಯಾದಿ ಕೊಟ್ರ ಏನು ಮಾತಾಡಲಿ?" ಎನ್ನುವಾಗ ಅವಳ ಕಣ್ಣು ತುಂಬಿತು. "ನೀವು ಒಂದು ಕಾಗದ ಕೊಡ್ರಿ. ಈ ನೀರು ಧೂಳಿನ ಸಲವಾಗಿ, ನಮ್ಮ ಹುಕುಮಿನ ಪ್ರಕಾರ ಹೊಡಿಯೂದು ಅಂತ ಎರಡ ಸಾಲು. ಲಗೂ ಕೊಡ್ರಿ ಸಾಹೇಬ್ರ. ಅವ್ರು ಬ್ಯಾರೆ ಗಿರಣಿ ಹಿಡಿದ್ರಂದ್ರ ಮುಗೀತು."

ಎರಡು ಸಾಲು ಬರೆಯಲು ಎಷ್ಟು ಹೊತ್ತು? ಪೆನ್ನು ಜೇಬಿನಲ್ಲೇ ಇತ್ತು. ಆದರೆ ಅವಳ ಕಣ್ಣೀರು ಕಂಡ ಕೂಡಲೇ ನನ್ನೊಳಗಿನ ಹಳೆಯ ಪ್ರಾಣಿ ಕಿವಿ ನಿಮಿರಿಸಿತು. ಒಂದು ವೇಳೆ ಈಕೆ ನಿಜವಾಗಿಯೂ ಕಾಯಿಗೆ ನೀರು ಹೊಡೆಯುತ್ತಿದ್ದರೆ? ನನ್ನ ಷರತ್ತನ್ನೇ ಮುಂದಿಟ್ಟುಕೊಂಡು, ಅದರ ಮರೆಯಲ್ಲಿ? ಅಂಥ ಗಟ್ಟಿ ಮನುಷ್ಯ, ವರ್ಷಗಟ್ಟಲೆ ವ್ಯವಹಾರ ಮಾಡಿದವನು, ಸುಮ್ಮನೆ ಚೀಲ ತೊಳೆದು ಕಳಿಸಿಯಾನೇ? ನಾಳೆ ಕಾಯಿಯಲ್ಲಿ ನೀರು ಸಿಕ್ಕಿಬಿದ್ದರೆ, ಕಚೇರಿಯ ಕಾಗದದಲ್ಲಿ ನನ್ನ ಸಹಿ ಕೂತಿರುತ್ತದೆ.

"ಪರೀಕ್ಷಾ ಮಾಡಿ ಕೊಡ್ತೇನಿ," ಎಂದೆ.

ಅವಳು ನನ್ನನ್ನೇ ನೋಡಿದಳು. "ನೀವೂ ಹಂಗ ತಿಳಕೊಂಡ್ರೇನ್ರಿ? ಬೇಕಾದ್ರ ಈಗ ಕದರಮಂಡಲಗಿಗೆ ಬರ್ರಿ. ಹನುಮಪ್ಪನ ಮುಂದ ದೀಪಾ ಮುಟ್ಟಿ ಹೇಳ್ತೇನಿ."

ಆಣೆಯನ್ನು ಫೈಲಿಗೆ ಹಚ್ಚಲು ಬರುವುದಿಲ್ಲ ಎಂದು ನಾನು ಹೇಳಿದೆ. ಅದನ್ನು ಹೇಳಿ ಸಣ್ಣಗೆ ನಕ್ಕೆ ಕೂಡ. ಅವಳು ಚೀಲಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಎದ್ದಳು.

ಮರುದಿನವೇ ಬ್ಯಾಡಗಿಗೆ ಹೋಗಿ ರಾಶಿಯ ನಡುವಿನಿಂದ ನಾನೇ ಕೈಯಾರೆ ಒಂದು ಚೀಲ ಕಾಯಿ ಆರಿಸಿ, ಬಾಯಿ ಹೊಲಿಸಿ, ಮೊಹರು ಹಾಕಿ ಹಾವೇರಿಗೆ ತಂದೆ. ಪರಿಚಯದ ಕಿರಾಣಿ ಅಂಗಡಿಯಲ್ಲಿ ತೂಗಿಸಿ ನಮ್ಮ ಮನೆಯ ಮಾಳಿಗೆಯ ಮೇಲೆ ಒಣಹಾಕಿದೆ. ಕಾಯಿಯಲ್ಲಿ ನೀರಿದ್ದರೆ ಬಿಸಿಲಿಗೆ ಆರಿ ತೂಕ ಇಳಿಯಲೇಬೇಕು. ಎಂಟು ದಿನ ಒಣಗಿದವು. ಓಣಿಯವರೆಲ್ಲ ಸೀನಿದರು. ಮೂಗು ಒರೆಸಿಕೊಳ್ಳುತ್ತ ಮೇಲೆ ಬಂದ ನನ್ನ ಹೆಂಡತಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಎಂದಿತು.

"ಇದರಾಗ ನೀರ ಎಲ್ಲಿಂದ ಬರಬೇಕ್ರಿ? ಗೆಜ್ಜಿ ಸಪ್ಪಳ ಆದಂಗ ಆಗ್ತೈತಿ. ಅಡಗಿ ಮನಿ ಹೆಂಗಸ್ರನ್ನ ಕೇಳಿದ್ರ ಒಂದ ನಿಮಿಷದಾಗ ಹೇಳತಿದ್ರು," ಎಂದಳು.

ತೂಗಿಸಿ ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ತೂಕ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಮತ್ತೊಂದು ಯೋಚನೆ ಹೊಳೆಯಿತು. ಪರೀಕ್ಷೆ ಮಾಡುತ್ತೇನೆಂದು ಮೊದಲೇ ನಾನೇ ಹೇಳಿದ್ದೆನಲ್ಲ? ಒಂದೇ ರಾತ್ರಿಯಲ್ಲಿ ಒಣ ಕಾಯಿ ತಂದು ರಾಶಿ ಮಾಡಿದ್ದರೆ? ಹತ್ತು ದಿನ ಬಿಟ್ಟು, ಹೇಳದೆ ಹೋಗಿ ಇನ್ನೊಂದು ಚೀಲ ತಂದೆ. ಮತ್ತೆ ಎಂಟು ದಿನ ಬಿಸಿಲು. ಮತ್ತೆ ತೂಕ. ಅದೂ ಅಷ್ಟೆ. ಆಮೇಲೆ ಕಾಗದದ ಕರಡು ಬರೆದೆ. ಬರಿಯ ನನ್ನ ಸಹಿ ಸಾಲದು, ದೊಡ್ಡ ಸಹಿಯೇ ಇರಲಿ ಎಂದು ಧಾರವಾಡಕ್ಕೆ ಕಳಿಸಿದೆ. ಇದರಲ್ಲಿ ಅವಳ ಹಿತಕ್ಕಿಂತ ನನ್ನ ರಕ್ಷಣೆಯ ಯೋಚನೆಯೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಾಗದ ಮರಳಿ ಬಂದಾಗ ಯುಗಾದಿ ದಾಟಿ ಹೋಗಿತ್ತು.

ಬ್ಯಾಡಗಿಗೆ ಹೋದೆ. ಹತ್ತು ಗಂಟೆಯ ಹೊತ್ತು. ಗೇಟು ತೆರೆದಿತ್ತು, ಅವಳು ನೆಲಕ್ಕೆ ನೀರು ಹೊಡೆಯುತ್ತಿದ್ದಳು. ತೊಟ್ಟು ಬಿಡಿಸುವವರು ಹದಿನಾಲ್ಕು ಮಂದಿಯಲ್ಲಿ ಮೂವರೇ ಉಳಿದಿದ್ದರು. ಸಾವಕಾರರು ಕೈಬಿಟ್ಟ ಸುದ್ದಿ ಹಬ್ಬಿ ಸಣ್ಣಪುಟ್ಟ ಗಿರಾಕಿಗಳೂ ದೂರ ಸರಿದಿದ್ದರು. ನಾನು ಕಾಗದವನ್ನು ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು.

"ನನ್ನ ಕೈಯಾಗಿನ ಕಾಗದ ಯಾರು ನಂಬ್ತಾರ್ರಿ? ರೊಕ್ಕಾ ಕೊಟ್ಟು ಮಾಡಿಸ್ಕೊಂಡು ಬಂದಾಳ ಅಂತಾರ. ನೀವ ಒಂದ ಸಲ ರಾಣೆಬೆನ್ನೂರಿಗೆ ಹೋಗಿ ಬಾಯಿಲೆ ಹೇಳಿ ಬರ್ರಿ. ಇಷ್ಟು ಮಾಡ್ರಿ ಸಾಹೇಬ್ರ."

ಅವತ್ತೇ ಹೋದೆ. ಬಸ್ಸಿನಲ್ಲಿ ಕೂತು ಏನೇನು ಹೇಳಬೇಕೆಂದು ಒಪ್ಪ ಮಾಡಿಕೊಂಡೆ. ಸಾವಕಾರರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ತಲೆಗೆ ಬಿಳಿ ಟೋಪಿ, ನಗುಮುಖದ ಮನುಷ್ಯ. "ಬರ್ರಿ, ಕುಂದ್ರಿ," ಎಂದು ಜಾಗ ಕೊಟ್ಟರು. ಕನ್ನಡಕ ಏರಿಸಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕೆಳಗಿನ ಮೊಹರಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಥೇಟ್ ನಾನು ನೋಡುವ ಹಾಗೆಯೇ.

"ನೀರು ಹೊಡೀಬೇಕಂತ ಹೇಳಿದಾಂವ ನಾನ ರೀ ಸಾವಕಾರ್ರ. ಆಕಿ ಬ್ಯಾಡ ಅಂದಿದ್ಲು. ಗೇಟು ತಗದ ಹೊಡೀಬೇಕಂದಾಂವನೂ ನಾನ," ಎಂದೆ.

"ಹೌದ್ರಿ, ಹೌದ್ರಿ," ಎಂದು ತಲೆ ಆಡಿಸಿದರು.

"ಎರಡ ಸಲ ಕಾಯಿ ಪರೀಕ್ಷಾ ಮಾಡೇನಿ. ನಮ್ಮ ಮನಿ ಮಾಳಗಿ ಮ್ಯಾಲೆ ಒಣಗಿಸಿ ತೂಗೇನಿ. ಒಂದ ಹನಿ ನೀರಿಲ್ಲ."

"ಯಾವಾಗ ತೂಗಿದ್ರಿ?"

"ಶಿವರಾತ್ರಿ ಆದ ಮ್ಯಾಲೆ."

"ನಾ ಕಂಡದ್ದು ಶಿವರಾತ್ರಿಗಿಂತ ಮೊದಲ," ಎಂದು ಕಾಗದವನ್ನು ಮಡಚಿ ನನ್ನ ಕಡೆ ಸರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಹೇಬ್ರ, ಇದು ಖರೇ ಇದ್ದಿದ್ರ ನೀವು ಅವತ್ತ ಓಡಿ ಬರ್ತಿದ್ರಿ. ಒಂದೂವರೆ ತಿಂಗಳ ಯಾಕ ಬೇಕಾತು? ನಿಮಗ ಖಾತ್ರಿ ಇರಲಿಲ್ಲ, ಹೌದಿಲ್ಲೋ?"

ನಾನು ಕಾಗದವನ್ನು ಮತ್ತೆ ಅವರ ಕಡೆ ಸರಿಸಿದೆ.

"ಇರ್ಲಿ ಬಿಡ್ರಿ. ಆ ಅಕ್ಕಾರೂ ಬದುಕಬೇಕು, ನೀವೂ ಬದುಕಬೇಕು. ನಿಮಗೂ ಹೆಂಡ್ತಿ ಮಕ್ಕಳು ಅದಾರ. ನಾ ಯಾರ ಮುಂದೂ ಏನೂ ಅನ್ನೂದಿಲ್ಲ. ಚಾ ತಗೋರಿ."

ಅವರು ಹೇಳಿದ್ದು ತಿಳಿಯಲು ಎರಡು ಗಳಿಗೆ ಬೇಕಾಯಿತು. ಅವಳಿಂದ ಲಂಚ ತಿಂದು ಕಾಗದ ಬರೆದುಕೊಟ್ಟೆ ಎಂದೇ ಅವರು ತಿಳಿದಿದ್ದರು. ಕೆಲಸಕ್ಕೆ ಸೇರಿದ ದಿನದಿಂದ ಒಬ್ಬರ ಹತ್ತಿರ ಒಂದು ಪೈಸೆ ಮುಟ್ಟಿದವನಲ್ಲ ನಾನು. ಅದನ್ನು ಹೇಳೋಣವೆಂದುಕೊಂಡೆ. ಹಾಗೆ ಹೇಳಿದ ಎಷ್ಟು ಮಂದಿಯನ್ನು ನಾನು ನಂಬಿದ್ದೇನೆ ಎಂದು ನೆನಪಾಗಿ ಕಾಗದ ಎತ್ತಿ ಜೇಬಿಗೆ ಹಾಕಿಕೊಂಡೆ. ಅವರಿಗೆ ನನ್ನ ಮೇಲೆ ದ್ವೇಷವೇನಿರಲಿಲ್ಲ. ಮರ್ಯಾದೆಯಿಂದಲೇ ಬೀಳ್ಕೊಟ್ಟರು. ಅವಳು ಅಂದು ನನ್ನ ಮೇಜಿನ ಮುಂದೆ ಹೇಳಿದ ಸಂಕಟ ಏನೆಂದು ನನಗೆ ಆ ಅಂಗಡಿಯ ಮೆಟ್ಟಿಲು ಇಳಿಯುವಾಗ ಗೊತ್ತಾಯಿತು.

ರಾಣೆಬೆನ್ನೂರಿನಿಂದ ಮರಳಿ ಬ್ಯಾಡಗಿಗೆ ಹೋಗುವ ಧೈರ್ಯವಾಗಲಿಲ್ಲ. ನೆಟ್ಟಗೆ ಹಾವೇರಿಗೆ ಬಂದೆ. ಹದಿನೈದು ದಿನಕ್ಕೆ ಮಾಸ್ತರರು ಕಚೇರಿಗೆ ಬಂದು ತಮ್ಮ ತಕರಾರು ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. "ಧೂಳು ಹೋಗ್ಲಿ ಅಂತ ಬರದಿದ್ದೆ. ಗಿರಣಿ ಹೋಗ್ಲಿ ಅಂತ ಬರದಿರಲಿಲ್ರಿ," ಎಂದರು. ಪರವಾನಿಗೆ ಕೊಟ್ಟ ಮೇಲೆ ಅರ್ಜಿ ವಾಪಸು ತೆಗೆದುಕೊಳ್ಳುವ ನಿಯಮ ನಮ್ಮಲ್ಲಿರಲಿಲ್ಲ. ಅವರ ಕಣ್ಣು ಪಕ್ಕದ ಜಾಗದ ಮೇಲಿದೆ ಎಂದು ನಾನು ಮೊದಲು ಎಣಿಸಿದ್ದನ್ನು ಅವರಿಗೆ ಹೇಳಲಿಲ್ಲ.

ಮುಂಗಾರಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗ ಅವಳಿಂದ ಅರ್ಜಿ ಬಂತು. ಗಿರಣಿ ನಿಲ್ಲಿಸಿದ್ದೇನೆ, ಪರವಾನಿಗೆ ವಾಪಸು ತೆಗೆದುಕೊಳ್ಳಿರಿ ಎಂದು. ಹಾಗೆ ವಾಪಸು ತೆಗೆದುಕೊಳ್ಳಲು ಒಂದು ನಮೂನೆ ಇತ್ತು, ಜಾಗಕ್ಕೆ ಹೋಗಿ ತುಂಬಬೇಕು. ಹೋದೆ. ಅಂಗಳದಲ್ಲಿ ಒಂದು ತೊಟ್ಟೂ ಬಿದ್ದಿರಲಿಲ್ಲ. ಮೂಲೆಯ ಹೊಂಡಕ್ಕೆ ನಾನು ಹೇಳದಿದ್ದರೂ ಕಲ್ಲು ಕಟ್ಟಿಸಿದ್ದಳು. ಕಾಲುವೆ ನೂಲು ಹಿಡಿದಂತೆ ನೇರವಾಗಿತ್ತು. ಕಿಟಕಿಯ ಪರದೆಗಳು ಒಗೆದಂತಿದ್ದವು. ಇಡೀ ನೌಕರಿಯಲ್ಲಿ ನನ್ನ ಷರತ್ತುಗಳನ್ನು ಹೀಗೆ ಅಕ್ಷರ ಬಿಡದೆ ಪಾಲಿಸಿದ ಜಾಗ ಇನ್ನೊಂದನ್ನು ನಾನು ನೋಡಲಿಲ್ಲ.

ಕಟ್ಟೆಯ ಮೇಲೆ ಕೂತು ನಮೂನೆ ಬಿಚ್ಚಿದೆ. ಒಂದೊಂದೇ ಕೇಳುತ್ತ ತುಂಬಿದೆ. ನಿಲ್ಲಿಸಲು ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಕಾರಣ ಏನಂತ ಬರೀಲಿ ಅಕ್ಕಾರ?"

ಅವಳು ಅಂಗಳವನ್ನೊಮ್ಮೆ ನೋಡಿದಳು. "ಧೂಳಿಲ್ಲ ಅಂತ ಬರೀರಿ," ಎಂದಳು.

ನಾನು ತಲೆ ಎತ್ತಲಿಲ್ಲ. "ತಪ್ಪು ನಂದ ಐತಿ," ಎಂದೆ. ಅಷ್ಟು ಹೇಳಲು ಬಸ್ಸಿನ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದೆ. ಅವಳು ಸಹಿ ಎಲ್ಲಿ ಎಂದು ಕೇಳಿ, ತೋರಿಸಿದಲ್ಲಿ ಮಾಡಿ, ಒಳಗೆ ಹೋದಳು.

ನಾನು ಎದ್ದು ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಆದರೂ ನಾಲ್ಕು ಹೆಜ್ಜೆ ಹೋದವನಿಗೆ ತಲೆಯಲ್ಲೊಂದು ಹುಳ ಹೊಕ್ಕಿತು. ಪರವಾನಿಗೆಯ ಕಾಟ ಬೇಡವೆಂದು ಕಾಗದದ ಮೇಲೆ ಮಾತ್ರ ನಿಲ್ಲಿಸಿ, ಒಳಗೊಳಗೆ ಬೀಸುತ್ತಿದ್ದರೆ? ಯಂತ್ರ ನಿಜವಾಗಿ ನಿಂತಿದೆಯೇ ಎಂದು ನಾನು ನೋಡಲೇ ಇಲ್ಲವಲ್ಲ? ಕಾಲು ತಾನಾಗಿ ತಿರುಗಿತು. ಹಿಂದಿನ ಓಣಿಯಿಂದ ಸುತ್ತಿ ಬಂದು, ಶೆಡ್ಡಿನ ಕಿಟಕಿಯ ಪರದೆಯನ್ನು ಬೆರಳಿನಿಂದ ಸರಿಸಿ ಇಣುಕಿದೆ.

ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಅದನ್ನು ತಿರುಗಿಸುವ ಪಟ್ಟಾ ಬಿಚ್ಚಿ ಗೋಡೆಗೆ ತೂಗುಹಾಕಿತ್ತು. ಅದರ ಪಕ್ಕದಲ್ಲಿ ನೆಲದ ಮೇಲೆ ಅವಳು ಕೂತಿದ್ದಳು. ಅಳುತ್ತಿದ್ದಳು. ಪರದೆ ಸರಿದ ಬೆಳಕಿಗೆ ತಲೆ ಎತ್ತಿ ನನ್ನನ್ನು ಕಂಡಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಮುಂದಿನ ಬಾಗಲಾ ತಗದ ಐತಿ, ಒಳಗ ಬಂದು ಮುಟ್ಟಿ ನೋಡ್ರಿ ಸಾಹೇಬ್ರ," ಎಂದಳು.